ಗಂಟೆ ತಡವಾದದ್ದು ಯಾಕೆ

ಬರವಣಿಗೆ ನಿಂತಿದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಮೊದಲ ಕಥಾ ಸಂಕಲನ ಬಂತು. ನಾಲ್ಕು ಜನ ಓದಿ ಚೆನ್ನಾಗಿದೆ ಅಂದರು. ಒಂದು ಸಣ್ಣ ಬಹುಮಾನವೂ ಬಂತು. ಆಮೇಲೆ ಚುನಾವಣೆ ಡ್ಯೂಟಿ, ಪೇಪರ್ ತಿದ್ದುವ ಕೆಲಸ, ಅತ್ತೆಯವರ ಕಣ್ಣಿನ ಆಪರೇಷನ್. ಬರೆಯದೇ ಇರಲು ಕಾರಣಗಳು ಒಂದರ ಹಿಂದೆ ಒಂದು ಸಿಗುತ್ತಲೇ ಇದ್ದವು. ಕಾರಣಗಳೆಲ್ಲ ಮುಗಿದ ಮೇಲೂ ಬರೆಯಲು ಆಗಲಿಲ್ಲ ನೋಡಿ, ಆಗ ಹೆದರಿಕೆ ಆಯಿತು.

ನಾನು ಗದಗ ಸೀಮೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಪ್ರಬಂಧ ಬರೆಯಿರಿ, ಪತ್ರ ಬರೆಯಿರಿ, ಕೊಟ್ಟ ಸುಳಿವುಗಳಿಂದ ಕಥೆ ಕಟ್ಟಿರಿ ಅಂತ ದಿನವೂ ಹೇಳುವುದು ನನ್ನ ಕೆಲಸ. ಅವರು ತಲೆ ಕೆರೆದುಕೊಂಡು ಕೂತರೆ ‘ಏನೋ ಒಂದು ಶುರು ಮಾಡ್ರೋ’ ಅಂತ ಗದರುತ್ತೇನೆ. ಮನೆಗೆ ಬಂದು ನಾನೇ ತಲೆ ಕೆರೆದುಕೊಂಡು ಕೂರುತ್ತಿದ್ದೆ.

ಮೊಬೈಲ್ ತುಂಬ ಮೊದಲ ಸಾಲುಗಳು ಮಾತ್ರ ಇದ್ದವು. ‘ಆ ಮನೆಯ ಬಾಗಿಲು ಯಾವತ್ತೂ ಪೂರ್ತಿ ತೆರೆಯುತ್ತಿರಲಿಲ್ಲ.’ ಸರಿ, ಮುಂದೆ? ಮುಂದೆ ಏನೂ ಇಲ್ಲ. ಒಂದು ಸಾಲು ಬರೆಯುವುದು, ಅದನ್ನು ಓದುವುದು, ‘ಥೂ, ಇದನ್ನ ಎಲ್ಲೋ ಓದಿದ್ದೀನಿ’ ಅನ್ನಿಸುವುದು, ಅಳಿಸುವುದು. ಜೊತೆಗೆ ಪರಿಚಯದವರ ಪ್ರಶ್ನೆ ಬೇರೆ. ಮದುವೆ ಮನೆಯಲ್ಲಿ ಸಿಕ್ಕರೂ ‘ಈಗೇನ್ ಬರಿಯಾಕತ್ತೀರಿ?’ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಹೊಟ್ಟೆಯಲ್ಲಿ ಏನೋ ಮಗುಚಿದ ಹಾಗೆ ಆಗುತ್ತದೆ.

ಅದೇ ಹೊತ್ತಿಗೆ ಒಂದು ಪತ್ರಿಕೆಯಿಂದ ಫೋನ್ ಬಂತು. ದೀಪಾವಳಿ ವಿಶೇಷಾಂಕಕ್ಕೆ ಕಥೆ ಬೇಕು, ಮಳೆಗಾಲ ಮುಗಿಯುವುದರೊಳಗೆ ಕಳಿಸಿ ಅಂದರು. ‘ಆಯ್ತು ಸರ್’ ಅಂದೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಬರೆಯುವವರು ಹೇಳುವ ಉಪಾಯಗಳನ್ನೆಲ್ಲ ಆಗ ಒಂದೊಂದಾಗಿ ಮಾಡಿ ನೋಡಿದೆ. ನಿಸರ್ಗದ ನಡುವೆ ಹೋಗಿ ಅನ್ನುತ್ತಾರಲ್ವಾ, ಹೋದೆ. ನಮಗೆ ಹತ್ತಿರದ ನಿಸರ್ಗ ಅಂದರೆ ಕಪ್ಪತಗುಡ್ಡ. ಒಂದು ಭಾನುವಾರ ಯಜಮಾನರ ಬೈಕಿನ ಹಿಂದೆ ಕೂತು, ಬ್ಯಾಗಿನಲ್ಲಿ ನೋಟುಬುಕ್ ಇಟ್ಟುಕೊಂಡು ಹೊರಟೆ. ಗಾಳಿ ಭರ್ಜರಿಯಾಗಿತ್ತು. ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಬುತ್ತಿ ರೊಟ್ಟಿ, ಶೇಂಗಾ ಚಟ್ನಿ ಚೆನ್ನಾಗಿ ಸೇರಿತು. ನೋಟುಬುಕ್ಕನ್ನು ಚೀಲದಿಂದ ತೆಗೆಯಲೇ ಇಲ್ಲ. ಗುಡ್ಡ ನೋಡಿದರೆ ಗುಡ್ಡ ನೋಡಿದ ಖುಷಿ ಆಗುತ್ತದೆ. ಅದು ಕಥೆ ಕೊಡಬೇಕು ಅಂತ ಕಾಯುತ್ತಾ ಕೂತರೆ ಆ ಖುಷಿಯೂ ಹೋಗುತ್ತದೆ.

ಬೆಳಗ್ಗೆ ಎದ್ದ ಕೂಡಲೇ ತೋಚಿದ್ದನ್ನು ಮೂರು ಪುಟ ಗೀಚಬೇಕು ಅನ್ನುವುದು ಇನ್ನೊಂದು ಉಪಾಯ. ತುಂಬ ಜನಕ್ಕೆ ಇದರಿಂದ ಉಪಯೋಗ ಆಗಿದೆಯಂತೆ. ನಾನು ಬರೆದದ್ದು ಮಾತ್ರ ನಲ್ಲಿ ನೀರು ಯಾವತ್ತು ಬರುತ್ತದೆ, ಸಿಲಿಂಡರ್ ಬುಕ್ ಮಾಡಬೇಕು, ಸೊಂಟ ನೋಯುತ್ತಿದೆ ಇಷ್ಟೇ. ಸ್ವಲ್ಪ ದಿನ ಆದ ಮೇಲೆ ಅದು ಗೊಣಗಾಟದ ಪುಸ್ತಕವಾಯಿತು. ಬಿಟ್ಟೆ.

ಈ ಕಾಯಿಲೆಗೆ ‘ರೈಟರ್ಸ್ ಬ್ಲಾಕ್’ ಅಂತ ಹೆಸರಿಟ್ಟವನು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕ. ವಿಯೆನ್ನಾದ ಕಡೆಯವನು, ನ್ಯೂಯಾರ್ಕಿಗೆ ಹೋಗಿ ನೆಲೆಸಿದವನು. 1940ರ ದಶಕದಲ್ಲಿ ಇದರ ಬಗ್ಗೆ ಬರೆದ. ಅವನ ಪ್ರಕಾರ ಇದರ ಬೇರು ಎಳೆಗೂಸಿನ ಕಾಲದಲ್ಲಿದೆ, ತಾಯಿ ಹಾಲು ಕೊಡಲಿಲ್ಲ ಎಂಬ ಸಿಟ್ಟಿನಲ್ಲಿದೆ. ಇದನ್ನು ಓದಿ ನಗು ಬಂತು. ನಮ್ಮವ್ವನ ಕಿವಿಗೆ ಬಿದ್ದಿದ್ದರೆ ಬರ್ಗ್ಲರ್‌ನನ್ನು ಹುಡುಕಿಕೊಂಡು ಹೋಗುತ್ತಿದ್ದಳು.

ಕೊನೆಗೆ ವೀರನಾರಾಯಣನ ಗುಡಿಗೆ ಹೋದೆ. ಗದಗದಲ್ಲಿ ಇದ್ದುಕೊಂಡು ಬರೆಯಲು ಆಗುತ್ತಿಲ್ಲ ಅನ್ನುವವರಿಗೆ ಬೇರೆ ದಿಕ್ಕೆಲ್ಲಿದೆ? ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಅಂತ ತೋರಿಸುವ ಕಂಬ ಅಲ್ಲಿದೆ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನೇ ಆ ಕಂಬ ತೋರಿಸಿ ಭಾಷಣ ಮಾಡಿದ್ದೇನೆ. ಈ ಸಲ ಒಬ್ಬಳೇ ಹೋಗಿ ಎದುರಿಗೆ ಕೂತೆ.

ಹಲಗೆ ಬಳಪ ಹಿಡಿಯಲಿಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ತರಗತಿಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಅವತ್ತು ಮಾತ್ರ ನನ್ನನ್ನೇ ಹಂಗಿಸಿದ ಹಾಗೆ ಕೇಳಿಸಿತು. ಆದರೆ ಅವನ ಬಗ್ಗೆ ಇನ್ನೊಂದು ಕಥೆಯಿದೆ. ಗದಗಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಬಂದು ಕಂಬದ ಹತ್ತಿರ ಕೂರುತ್ತಿದ್ದನಂತೆ. ಮೈಮೇಲಿನ ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತಿತ್ತು. ಬಟ್ಟೆ ಆರಿದರೆ ಅವತ್ತಿನ ಕೆಲಸ ಮುಗಿಯಿತು.

ಇದು ದೈವದ ಮಹಿಮೆಯ ಕಥೆ. ನನಗೆ ಅವತ್ತು ಅದು ಟೈಮ್‌ಟೇಬಲ್ ಥರ ಕಾಣಿಸಿತು. ನಮ್ಮ ಕಡೆಯ ಬಿಸಿಲಿಗೆ ಒಂದು ಧೋತರ ಆರಲು ಎಷ್ಟು ಹೊತ್ತು ಬೇಕು? ಜಾಸ್ತಿ ಏನಿಲ್ಲ. ಅಷ್ಟೇ ಹೊತ್ತು ಕೂತು, ಎದ್ದು ಹೋಗಿ, ಮಾರನೇ ದಿನ ಮತ್ತೆ ಕೂತು ಹತ್ತು ಪರ್ವ ಮುಗಿಸಿದ ಅಂತ ಅಂದುಕೊಂಡರೆ ಧೈರ್ಯ ಬರುತ್ತದೆ. ಉಳಿದ ಪರ್ವಗಳನ್ನು ಮುಂದೆ ತಿಮ್ಮಣ್ಣ ಕವಿ ಬರೆದ, ಅದು ಬೇರೆ ಮಾತು.

ಇಂಗ್ಲೆಂಡಿನಲ್ಲೂ ಇಂಥದ್ದೇ ಲೆಕ್ಕದ ಒಬ್ಬ ಇದ್ದ. ಆಂಥನಿ ಟ್ರೊಲೋಪ್, ಕಾದಂಬರಿಕಾರ, ಅಂಚೆ ಇಲಾಖೆಯ ಅಧಿಕಾರಿಯೂ ಹೌದು. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಅದಕ್ಕೂ ಮೊದಲು ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿಕೊಳ್ಳುತ್ತಿದ್ದ. ಇಷ್ಟೆಲ್ಲ ಆದ ಮೇಲೆ ಆಫೀಸು. ಅವನು ತೀರಿಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಬಂತು, ಈ ಗುಟ್ಟು ಹೊರಬಿತ್ತು. ಆಗ ಕೆಲವರಿಗೆ ಅವನ ಮೇಲಿದ್ದ ಗೌರವವೇ ಕಮ್ಮಿಯಾಯಿತಂತೆ. ಸ್ಫೂರ್ತಿ ಬಂದು ಬರೆದವನು ಅಂದುಕೊಂಡಿದ್ದರು ಪಾಪ, ನೋಡಿದರೆ ಗುಮಾಸ್ತನ ಹಾಗೆ ಬರೆದಿದ್ದಾನೆ! ನನಗಂತೂ ಆ ಗುಮಾಸ್ತನ ಮೇಲೆ ಪ್ರೀತಿ ಬಂತು.

ಮನೆಗೆ ಬಂದು ಮಾಳಿಗೆ ಮೇಲೆ ಒಂದು ಒದ್ದೆ ಟವೆಲ್ ಹಾಕಿದೆ. ಇದು ಆರುವ ತನಕ ಏಳಬಾರದು, ಅಳಿಸಬಾರದು ಅಂತ ನಿಯಮ. ಯಜಮಾನರು ಒಮ್ಮೆ ಹಣಕಿ ನೋಡಿ ಏನೂ ಕೇಳದೆ ಕೆಳಗೆ ಇಳಿದರು. ಬಿಸಿಲಿದ್ದ ದಿನಗಳಲ್ಲಿ ಇದು ಚೆನ್ನಾಗಿ ನಡೆಯಿತು. ಆಷಾಢದ ಜಿಟಿಜಿಟಿ ಹಿಡಿದ ಮೇಲೆ ಟವೆಲ್ ಸಂಜೆಯಾದರೂ ಆರಲಿಲ್ಲ. ಕವಿಯ ನಿಯಮ ಬಿಟ್ಟು ಮೊಬೈಲಿನ ಟೈಮರಿಗೆ ಬಂದೆ.

ಕೂರುವುದು ರೂಢಿಯಾಯಿತು, ಅಷ್ಟು ಲಾಭ. ಆದರೆ ಬರೆದದ್ದೇನು? ಬರೆಯಲಾಗದ ಲೇಖಕಿಯೊಬ್ಬಳು ಕಿಟಕಿಯ ಹತ್ತಿರ ಕೂತಿದ್ದಾಳೆ. ಮಳೆ ಬರುತ್ತಿದೆ. ಚಹಾ ಆರುತ್ತಿದೆ. ಪುಟಗಟ್ಟಲೆ ಇದೇ. ಬರೆಯಲಾಗದವರೆಲ್ಲ ಒಮ್ಮೆ ಈ ಕಥೆ ಬರೆಯುತ್ತಾರೆ ಅಂತ ಕಾಣುತ್ತದೆ. ಕಿಟಕಿಯ ಹೊರಗೆ ಯಾರು ಹೋಗುತ್ತಿದ್ದಾರೆ ಅಂತ ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅಷ್ಟರಲ್ಲಿ ನಮ್ಮ ಶಾಲೆಯ ಸಿಪಾಯಿ ಕಾಕಾ ನಿವೃತ್ತಿಯಾಗುವ ತಿಂಗಳು ಬಂತು. ಮಕ್ಕಳು ಅವರಿಗೆ ಕಾಕಾ ಅನ್ನುತ್ತಾರೆ, ಹಾಗಾಗಿ ನಾವೂ ಕಾಕಾ. ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದು, ‘ಅಕ್ಕಾರ, ಬಿನ್ನವತ್ತಳೆ ನೀವ ಬರೀಬೇಕ್ರಿ. ಕಥಿ ಬರಿಯೋರು ನೀವ’ ಅಂದರು. ಒಲ್ಲೆ ಅನ್ನಲು ಬರುವ ಹಾಗಿರಲಿಲ್ಲ.

ಬಿನ್ನವತ್ತಳೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ಬಂಗಾರದ ಬಣ್ಣದ ಅಂಚು, ಮೇಲೆ ಸರಸ್ವತಿಯ ಚಿತ್ರ. ‘ಕರ್ತವ್ಯನಿಷ್ಠರೇ,’ ಅಂತ ಒಂದು ಪ್ಯಾರಾ. ‘ಅಜಾತಶತ್ರುಗಳೇ,’ ಅಂತ ಇನ್ನೊಂದು. ‘ಸ್ನೇಹಜೀವಿಗಳೇ,’ ಅಂತ ಮತ್ತೊಂದು. ಕೊನೆಗೆ ಆಯುರಾರೋಗ್ಯ ಐಶ್ವರ್ಯ. ಹಳೆಯ ಹೆಡ್‌ಮಾಸ್ತರರೊಬ್ಬರ ಬಿನ್ನವತ್ತಳೆಯ ಪ್ರತಿ ಕಪಾಟಿನಲ್ಲಿ ಸಿಕ್ಕಿತು. ಹೆಸರು ಬದಲಿಸಿ ಓದಿ ನೋಡಿದೆ. ಎಲ್ಲೂ ಅಡ್ಡಿಯಾಗಲಿಲ್ಲ. ಕಾಕಾಗೂ ಹೊಂದುತ್ತಿತ್ತು, ಬ್ಯಾಂಕ್ ಮ್ಯಾನೇಜರಿಗೂ ಹೊಂದುತ್ತಿತ್ತು. ಕಥೆಗಳಲ್ಲಿ ನಾನು ಬರೆಯುತ್ತಿದ್ದ ಆ ಲೇಖಕಿಯೂ ಇದೇ ಥರ ಅಲ್ವಾ ಅನ್ನಿಸಿತು. ಅವಳ ಊರು ಯಾವುದು, ಅವಳ ಮನೆಯಲ್ಲಿ ಸಂಜೆಗೆ ಏನು ಮಾಡುತ್ತಾರೆ, ನನಗೆ ಒಂದೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಕಾ ಹತ್ತಿರ ಹೋಗಿ ಕೂತೆ. ‘ಕಾಕಾ, ನಿಮ್ಮ ಕೆಲಸದ ಬಗ್ಗೆ ಹೇಳ್ರಿ’ ಅಂದೆ.

‘ಏನೈತ್ರಿ ಅಕ್ಕಾರ ಹೇಳಾಕ? ಗಂಟಿ ಹೊಡದೆ ಅಂತ ಬರೀರಿ.’

ಸರಿ, ಗಂಟೆಯಿಂದಲೇ ಶುರು ಮಾಡೋಣ ಅಂದೆ. ನಮ್ಮ ಶಾಲೆಯ ಗಂಟೆ ಅಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಹೊಡೆಯುವುದು ಒಂದು ಕಬ್ಬಿಣದ ರಾಡಿನಿಂದ. ದಿನಾ ಕೇಳುತ್ತೇನೆ, ಹತ್ತಿರ ಹೋಗಿ ನೋಡಿರಲಿಲ್ಲ. ಅದರ ಮೇಲೆ ಒಂದೇ ಜಾಗದಲ್ಲಿ ಏಟು ಬಿದ್ದು ಬಿದ್ದು ಬೆರಳು ಕೂರುವಷ್ಟು ತಗ್ಗಾಗಿದೆ. ಅಲ್ಲಿ ಮಾತ್ರ ತುಕ್ಕಿಲ್ಲ, ಹೊಸ ಪಾತ್ರೆಯ ತಳದಂತೆ ಮಿಂಚುತ್ತದೆ. ಅದೇ ಜಾಗಕ್ಕೆ ಯಾಕೆ ಹೊಡೆಯುತ್ತೀರಿ ಅಂದೆ. ಕಾಕಾ ರಾಡು ಕೈಗೆ ಕೊಟ್ಟು, ‘ಬ್ಯಾರೆ ಕಡೆ ಹೊಡದ ನೋಡ್ರಿ’ ಅಂದರು. ಮೆಲ್ಲಗೆ ತಟ್ಟಿದೆ. ಟಪ್ ಅಂತ ಸತ್ತ ಸದ್ದು ಬಂತು. ತಗ್ಗಿನ ಜಾಗಕ್ಕೆ ತಟ್ಟಿದರೆ ಟಣ್ ಅಂತ ಎಳೆಯಿತು. ಒಳಗೆ ಕೂತಿದ್ದ ಎಂಟನೇ ತರಗತಿಯ ಇಬ್ಬರು ಹುಡುಗರು ಡಬ್ಬಿ ಮುಚ್ಚಿ ಎದ್ದೇಬಿಟ್ಟರು. ‘ಏ, ಇನ್ನೂ ಆಗಿಲ್ಲ, ಉಣ್ರೋ’ ಅಂತ ಕಾಕಾ ಕೂಗಿದರು.

ಆಮೇಲೆ ಪರೀಕ್ಷೆಯ ಕಾಲದ ಮಾತು ಬಂತು. ಉತ್ತರಪತ್ರಿಕೆಗಳ ಬಂಡಲ್ಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಣದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಹಾಕಿ ಮೊಹರು ಒತ್ತುವುದು ಕಾಕಾ ಕೆಲಸ. ಬಲಗೈಯ ಹೆಬ್ಬೆರಳಿನ ಪಕ್ಕ ಅರಗು ಬಿದ್ದ ಕಲೆ ತೋರಿಸಿದರು. ಹೊಲಿಗೆ ತೀರ ಬಿಗಿಯಾದರೆ ಮೂಲೆಯಲ್ಲಿ ಹಾಳೆ ಮಡಚುತ್ತದೆ, ಸಡಿಲಾದರೆ ಮೇಲಿನವರು ಬೈಯುತ್ತಾರೆ. ‘ಹುಡುಗೂರು ವರ್ಷ ಪೂರ್ತಿ ಬರದಿದ್ದಲ್ರಿ ಅದು, ಮಡಚಬಾರದು’ ಅಂದರು. ಇದನ್ನು ಅವರು ದೊಡ್ಡ ಮಾತು ಅಂತ ಹೇಳಲಿಲ್ಲ. ಬೀಡಿ ಹಚ್ಚಬೇಕೋ ಬೇಡವೋ ಅಂತ ಯೋಚಿಸುತ್ತಾ ಹೇಳಿದರು.

ನಾನು ಕೇಳುತ್ತಾ ಹೋದೆ, ನೋಟುಬುಕ್ಕಿನಲ್ಲಿ ಗೀಚುತ್ತಾ ಹೋದೆ. ಕೊನೆಗೆ ಸುಮ್ನೆ ಕೇಳಿದೆ, ‘ಗಂಟಿ ಯಾವತ್ತೂ ತಡ ಆಗಿಲ್ಲೇನ್ರಿ ಕಾಕಾ?’

ಅತ್ತ ಇತ್ತ ನೋಡಿ ದನಿ ತಗ್ಗಿಸಿದರು. ‘ಆಗೈತ್ರಿ. ಹಳ್ಳಿ ಬಸ್ ತಡ ಆದ್ರ ಮೊದಲನೇ ಗಂಟೀನೂ ಒಂದೀಟು ತಡ ಆಗತಿತ್ರಿ. ಹುಡುಗೂರು ಓಡಿ ಬರತಾವು, ಹೊರಗ ನಿಂದ್ರಸತಾರು. ಇದನ್ನ ಮಾತ್ರ ಬರೀಬ್ಯಾಡ್ರಿ ಮತ್ತ!’

ಬರೆಯಲಿಲ್ಲ. ಅಂದರೆ, ಬಿನ್ನವತ್ತಳೆಯಲ್ಲಿ ಬರೆಯಲಿಲ್ಲ.

ಅವತ್ತು ಸಂಜೆ ಟೈಮರ್ ಹಾಕುವುದನ್ನೇ ಮರೆತೆ. ಬಿನ್ನವತ್ತಳೆ ಅಂತ ಶುರು ಮಾಡಿದ್ದು ಎಷ್ಟೋ ಪುಟ ಆಗಿಹೋಯಿತು. ಕುಕ್ಕರ್ ಕೂಗಿದ್ದು ನನಗೆ ಕೇಳಲೇ ಇಲ್ಲ, ಮಗಳು ಬಂದು ಒಲೆ ಆರಿಸಿದಳು. ಮಾರನೇ ದಿನ ಪ್ರೆಸ್ಸಿಗೆ ಒಯ್ದರೆ ಅಲ್ಲಿಯವರು ನಕ್ಕರು. ‘ಮೇಡಮ್ಮಾರ, ಇದು ಫ್ರೇಮಿನ್ಯಾಗ ಹಿಡಿಯೂದಿಲ್ರಿ. ಇದಕ್ಕ ಪುಸ್ತಕಾನ ಮಾಡಬೇಕು’ ಅಂದರು. ಕತ್ತರಿಸಿ ಕತ್ತರಿಸಿ ಹಳಿಯ ತಗ್ಗು, ದಬ್ಬಣ ಎರಡನ್ನೇ ಉಳಿಸಿದೆ. ‘ಕರ್ತವ್ಯನಿಷ್ಠರೇ’ ಕೂಡ ಉಳಿಯಿತು. ಅದಿಲ್ಲದಿದ್ದರೆ ಬಿನ್ನವತ್ತಳೆ ಅನ್ನಿಸುವುದಿಲ್ಲ ಅಂತ ಹೆಡ್‌ಮಾಸ್ತರರ ಹಟ. ಕಾರ್ಯಕ್ರಮದಲ್ಲಿ ಓದುವಾಗ ಹಳಿಯ ಸಾಲು ಬಂದಾಗ ಹಿಂದಿನ ಬೆಂಚಿನ ಮಕ್ಕಳೆಲ್ಲ ಕತ್ತು ತಿರುಗಿಸಿ ಬೇವಿನ ಮರದ ಕಡೆ ನೋಡಿದರು. ನನ್ನ ಕಥೆಯೊಂದಕ್ಕೆ ಯಾರೂ ಹಾಗೆ ಕತ್ತು ತಿರುಗಿಸಿದ್ದು ನನಗೆ ನೆನಪಿಲ್ಲ.

ಫ್ರೇಮಿನಲ್ಲಿ ಹಿಡಿಯದೆ ಉಳಿದದ್ದು ಇತ್ತಲ್ಲ, ಅದರಿಂದಲೇ ಕಥೆ ಶುರುವಾಯಿತು. ಕಾಕಾನನ್ನು ಹಾಗೆಯೇ ಎತ್ತಿಕೊಳ್ಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಪಾಯಿ ಕೆಲಸಕ್ಕೆ ಸೇರಿದ ಒಬ್ಬ ಹೆಣ್ಣುಮಗಳನ್ನು ಮಾಡಿಕೊಂಡೆ. ಗಂಟೆ ತಡ ಮಾಡುವುದು ಅವಳ ಗುಟ್ಟು. ಮೊದಲರ್ಧ ಸರಾಗವಾಗಿ ಬಂತು. ಹಳೆಯ ಚಟದಂತೆ ಅಳಿಸಲು ಕೈ ಹೋಗುತ್ತಿತ್ತು, ಅದಕ್ಕೆ ಮೊಬೈಲ್ ಬಿಟ್ಟು ಪೆನ್ನು ಹಿಡಿದೆ. ಪೆನ್ನಿನಲ್ಲಿ ಬರೆದದ್ದನ್ನು ಹೊಡೆದುಹಾಕಬಹುದು, ಮಾಯ ಮಾಡಲು ಬರುವುದಿಲ್ಲ. ಹೊಡೆದುಹಾಕಿದ ಸಾಲುಗಳಲ್ಲಿ ಕೆಲವು ಆಮೇಲೆ ಬೇಕಾದವು ಕೂಡ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಒಂದು ಮಾತು ಹೇಳುತ್ತಿದ್ದ: ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಕೆಲಸ ನಿಲ್ಲಿಸಬೇಕು. ಮೊದಲು ಓದಿದಾಗ ಇದು ವಿಚಿತ್ರ ಅನ್ನಿಸಿತ್ತು. ಬರುತ್ತಿರುವಾಗ ಯಾರಾದರೂ ನಿಲ್ಲಿಸುತ್ತಾರೆಯೇ? ಮಾಡಿ ನೋಡಿದ ಮೇಲೆ ಗೊತ್ತಾಯಿತು. ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದರೆ ರಾತ್ರಿ ಪಾತ್ರೆ ತೊಳೆಯುವಾಗಲೂ ಅದು ತಲೆಯಲ್ಲಿ ಓಡಾಡುತ್ತಿರುತ್ತದೆ. ಬೆಳಗ್ಗೆ ಕೂತ ಕೂಡಲೇ ಆ ಅರ್ಧ ಸಾಲು ಮುಗಿಸಬಹುದು. ಖಾಲಿ ಹಾಳೆಯ ಎದುರು ಕೂರುವ ಸಂಕಟ ಇರುವುದಿಲ್ಲ. ನಾನು ಮಾಡಿ ನೋಡಿದ ಉಪಾಯಗಳಲ್ಲಿ ಇವತ್ತಿಗೂ ಬಿಡದೆ ಉಳಿಸಿಕೊಂಡಿರುವುದು ಇದೊಂದನ್ನೇ.

ಧಾರವಾಡದಲ್ಲಿರುವ ತಂಗಿಗೆ ಕಥೆಯನ್ನು ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸುವುದನ್ನೂ ಮಾಡಿದೆ. ಬಾಯಲ್ಲಿ ಹೇಳುವಾಗ ಸುಳ್ಳು ಸಾಲುಗಳು ತಾವೇ ಉದುರುತ್ತವೆ. ‘ಅವಳ ಅಂತರಂಗದಲ್ಲಿ ತಳಮಳ ಉಂಟಾಯಿತು’ ಅಂತ ತಂಗಿಗೆ ಹೇಳಿ ನೋಡಿ, ನಗದೆ ಇರಲು ಸಾಧ್ಯವೇ ಇಲ್ಲ. ಅವಳೂ ಬಿಡುವವಳಲ್ಲ. ‘ಅಲ್ಲಬೇ ಅಕ್ಕಾ, ಆ ಬಸ್ ದಿನಾ ಯಾಕ ತಡ ಆಗತೈತಿ ಅದನ್ನ ಹೇಳು ಮೊದಲ’ ಅಂದಳು.

ಕಥೆ ಅಲ್ಲಿಗೇ ಬಂದು ನಿಂತಿತ್ತು. ‘ಆ ದಿನವೂ ಬಸ್ಸು ತಡವಾಯಿತು’ ಅಂತ ಬರೆದು ಮುಂದೆ ಹೋಗಲು ಆಗಿರಲಿಲ್ಲ. ಮತ್ತೆ ಬಂತಪ್ಪ ಹಳೇ ರೋಗ ಅಂತ ಎರಡು ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ತಂಗಿ ಕೇಳಿದ ಮೇಲೆ ಹೊಳೆಯಿತು. ಬಸ್ಸು ಯಾಕೆ ತಡವಾಗುತ್ತದೆ ಅಂತ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದು ಹೇಗೆ? ಈ ರೋಗಕ್ಕೆ ದೊಡ್ಡ ಹೆಸರು ಕೊಟ್ಟುಕೊಂಡು ಎಷ್ಟು ಕಾಲ ಕೂತಿದ್ದೆ! ಕಥೆ ನಿಂತ ಜಾಗದಲ್ಲೆಲ್ಲ ನಾನು ಕೇಳದೆ ಬಿಟ್ಟ ಒಂದು ಪ್ರಶ್ನೆ ಇರುತ್ತಿತ್ತು, ಅಷ್ಟೇ.

ಒಂದು ಬೆಳಗ್ಗೆ ಬೇಗ ಹೊರಟು ಎರಡು ಸ್ಟಾಪ್ ಹಿಂದೆ ಹೋಗಿ ಅದೇ ಬಸ್ಸು ಹತ್ತಿದೆ. ಸೀಟು ಬಿಡಿ, ಕಾಲಿಡಲು ಜಾಗವಿಲ್ಲ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಕಡೆ ಬೆಳಗಿನ ಬಸ್ಸುಗಳು ಹೀಗೇ. ಕೂಲಿಗೆ ಹೋಗುವ ಹೆಂಗಸರು, ಕಾಲೇಜಿನ ಹುಡುಗಿಯರು, ಸಂತೆಗೆ ಹೊರಟ ಮುದುಕಿಯರು. ದುಡ್ಡು ಕೊಡಬೇಕಾಗಿಲ್ಲ, ಆದರೆ ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು. ಕಂಡಕ್ಟರ್ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಮಷೀನು ಒತ್ತುತ್ತಾ ಇದ್ದರು.

‘ಇದಕ್ಕ ತಡ ಆಗತೈತೇನ್ರಿ?’ ಅಂದೆ.

‘ಇದಕ್ಕೂ ಆಗತೈತ್ರಿ. ಆದ್ರ ಹೆಚ್ಚು ತಡ ಆಗೂದು ಮುಂದಿನ ಸ್ಟಾಪಿನ್ಯಾಗ. ನೋಡ್ರಿ ನೀವ.’

ಮುಂದಿನ ಸ್ಟಾಪಿನಲ್ಲಿ ನಿಂತವರೆಲ್ಲ ಹತ್ತಿದರು. ಬಸ್ಸು ಬಿಡಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ ಕೂತರು. ಯಾಕೆ ಅಂತ ಬಗ್ಗಿ ನೋಡಿದರೆ, ಹೊಲದ ದಾರಿಯಲ್ಲಿ ಯೂನಿಫಾರ್ಮ್ ಹಾಕಿದ ನಮ್ಮ ಶಾಲೆಯ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾರೆ. ಎರೆಮಣ್ಣು, ಮಳೆ ಬೇರೆ. ಚಪ್ಪಲಿ ಹಾಕಿದರೆ ಕಿತ್ತು ಬರುತ್ತದೆ. ‘ಬಿಟ್ಟು ಹೆಂಗ ಹೋಗೂದ್ರಿ? ಮುಂದಿನ ಬಸ್ ಬರೂತನಕ ಅವರ ಸಾಲಿ ಅರ್ಧ ಮುಗದಿರತೈತಿ’ ಅಂದರು ಕಂಡಕ್ಟರ್. ಹುಡುಗಿಯರು ಹತ್ತಿ, ನನ್ನನ್ನು ನೋಡಿ, ‘ಅಕ್ಕಾರ!’ ಅಂತ ಹೆದರಿ ಚಪ್ಪಲಿ ಹಿಂದೆ ಮುಚ್ಚಿಟ್ಟುಕೊಂಡರು.

ಶಾಲೆಯಲ್ಲಿ ಕಾಕಾ ಬಸ್ಸಿಗಾಗಿ ಗಂಟೆ ತಡೆಯುತ್ತಿದ್ದರು. ಇಲ್ಲಿ ಬಸ್ಸಿನವರು ಮಕ್ಕಳಿಗಾಗಿ ಬಸ್ಸು ತಡೆಯುತ್ತಾರೆ. ಇವರಿಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದೇ ಇಲ್ಲ. ನಾನು ಕೂತು ಹೆಣೆಯಬೇಕಾದದ್ದೇನೂ ಉಳಿದಿರಲಿಲ್ಲ. ಸ್ಟಾಫ್ ರೂಮಿನಲ್ಲೇ, ಮೊದಲನೇ ಪೀರಿಯಡ್ ಖಾಲಿ ಇತ್ತು, ಉಳಿದರ್ಧ ಬರೆಯಲು ಶುರು ಮಾಡಿದೆ. ಎದುರಿಗೆ ಕೂತಿದ್ದ ಗಣಿತದ ಮೇಷ್ಟ್ರು ಎರಡು ಸಲ ಏನೋ ಕೇಳಿದರಂತೆ. ಅವರಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಕಥೆ ಹೇಳಿದ ಸಮಯಕ್ಕಿಂತ ತಡವಾಗಿಯೇ ಹೋಯಿತು. ಸಂಪಾದಕರು ತಗೊಂಡರು, ಕೊನೆಯ ಪ್ಯಾರಾ ತೆಗೆದರು. ತೆಗೆದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಸ್ವಲ್ಪ ಭಾಷಣ ಸೇರಿಕೊಂಡಿತ್ತು. ಕಾಕಾಗೆ ಒಂದು ಪ್ರತಿ ಕೊಟ್ಟೆ. ಓದಿದರೋ ಮೊಮ್ಮಗಳು ಓದಿ ಹೇಳಿದಳೋ ಗೊತ್ತಿಲ್ಲ. ‘ಅಕ್ಕಾರ, ಅದರಾಗ ನಾ ಎಲ್ಲೀನೂ ಇಲ್ಲಲ್ರಿ’ ಅಂದರು. ಬೇಜಾರೋ ಸಮಾಧಾನವೋ ದನಿಯಲ್ಲಿ ಗೊತ್ತಾಗಲಿಲ್ಲ.

ಆಮೇಲೆ ಸುಲಭವಾಗಿದೆ ಅಂತೇನಿಲ್ಲ. ಈಗ ಕೈಯಲ್ಲಿರುವ ಕಥೆಯಲ್ಲಿ ಬೆಟಗೇರಿಯ ನೇಕಾರರ ಮನೆಯ ಸೊಸೆಯೊಬ್ಬಳು ಇದ್ದಾಳೆ. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸುವ ದಿನ ಆ ಮನೆಯಲ್ಲಿ ಒಂದು ಜಗಳ ಆಗಬೇಕು. ಅಲ್ಲಿಗೇ ನಿಂತಿದೆ. ಹಳೆಯ ಹಾಸಿನ ಎಳೆಗೆ ಹೊಸ ಎಳೆ ಸೇರಿಸಲು ಯಾರು ಕೂರುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಒಲೆಯ ಮುಂದೆ ಯಾರಿರುತ್ತಾರೆ, ಎದ್ದು ಹೋದರೆ ಎಳೆಗಳ ಲೆಕ್ಕ ತಪ್ಪುತ್ತದೆಯೇ, ಕೂತಲ್ಲಿಂದಲೇ ಜಗಳ ಆಡಬೇಕೇ? ಇದೆಲ್ಲ ತಿಳಿಯದೆ ಆ ಜಗಳ ಹತ್ತುವುದಿಲ್ಲ. ಪರಿಚಯದವರೊಬ್ಬರ ಮೂಲಕ ಒಂದು ಮನೆಗೆ ಫೋನ್ ಮಾಡಿಸಿದೆ. ಶನಿವಾರ ಶಾಲೆ ಬೇಗ ಬಿಡುತ್ತದೆ, ಮಧ್ಯಾಹ್ನ ಬರಲಾ ಅಂತ ಕೇಳಿದೆ. ಆ ಮನೆಯ ಹಿರಿಯಮ್ಮ ಫೋನ್ ಕಸಿದುಕೊಂಡು ಹೇಳಿದರು: ‘ಬರೂದು ಬರ್ರಿ, ಚಾ ಕುಡೀರಿ. ಆದ್ರ ನಿಮ್ಮ ಸಲುವಾಗಿ ಮಗ್ಗ ನಿಂದ್ರಸಂಗಿಲ್ಲ ನೋಡ್ರಿ. ಸಪ್ಪಳದಾಗ ಏನ್ ಕೇಳೂದೈತಿ ಕೇಳ್ರಿ, ಜೋರ್ಲೆ ಕೇಳ್ರಿ.’